ಲಸಿಕೆ ಹಾಕಿಸಿದ್ದರೂ ಕುದುರೆ ಕಂದು ಹಾಕಿತು: ನಾವು ಮಾಡಿದ್ದೇನು

"ಲಸಿಕೆ ಹಾಕಿಸಿದ್ದೀವಲ್ಲ ಡಾಕ್ಟ್ರೇ, ಮತ್ತೆ ಹೀಗ್ಯಾಕೆ?" ಸ್ಟಡ್ ಫಾರ್ಮಿನ ಮಾಲೀಕರು ಕೇಳಿದ್ದು ನ್ಯಾಯವಾಗಿತ್ತು. ಕಂದು ಹಾಕಿಸುವ ಕುದುರೆಯ ಹರ್ಪಿಸ್ ವೈರಸ್ (ಇಎಚ್‌ವಿ-1) ವಿರುದ್ಧ ಗಬ್ಬದ 5, 7, 9ನೇ ತಿಂಗಳಲ್ಲಿ ಹಾಕುವ ಲಸಿಕೆ ಮೂರೂ ಆಗಿತ್ತು. ಆದರೂ ಹತ್ತನೇ ತಿಂಗಳಲ್ಲಿ ಕುದುರೆ ಕಂದು ಹಾಕಿತ್ತು. ಜ್ವರವಿಲ್ಲ, ಮೇವೂ ಬಿಟ್ಟಿರಲಿಲ್ಲ.

ಕಾರಣ ಹುಡುಕುತ್ತಾ ಕೂರದೆ ಮೊದಲು ಆ ಕುದುರೆಯನ್ನು ಇದ್ದಲ್ಲೇ ನಿಲ್ಲಿಸಿದೆವು. ಸತ್ತ ಮರಿ, ಮಾಸು, ದ್ರವ ಎಲ್ಲದರಲ್ಲೂ ವೈರಸ್ ತುಂಬಿರುತ್ತದೆ. ಎರಡು ಪದರದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದೆವು. ಹಾಸಿದ್ದ ಹುಲ್ಲು ಸುಟ್ಟೆವು. ಮರಿಯ ಪಿತ್ತಜನಕಾಂಗದ ಮೇಲೆ ಸಣ್ಣ ಬಿಳಿ ಚುಕ್ಕೆಗಳಿದ್ದವು, ಶ್ವಾಸಕೋಶ ನೀರು ತುಂಬಿ ಊದಿತ್ತು. ನೋಡಿದಾಗಲೇ ಇಎಚ್‌ವಿ-1 ಎಂಬ ಅನುಮಾನ ಬಲವಾಯಿತು. ಮಾದರಿಗಳನ್ನು ಐಸ್‌ನಲ್ಲಿಟ್ಟು ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಕಳಿಸಿದೆವು. ಪಿಸಿಆರ್‌ನಲ್ಲಿ ಅದೇ ಬಂತು.

ಮಾಲೀಕರಿಗೆ ನಾನು ಹೇಳಿದ್ದಿಷ್ಟು. ಈ ವೈರಸ್ ಮೂಗಿನಿಂದ ಒಳಗೆ ಹೋಗಿ ಬಿಳಿ ರಕ್ತಕಣಗಳ ಒಳಗೇ ಕೂತು ಸಾಗುತ್ತದೆ. ಲಸಿಕೆಯಿಂದ ಹುಟ್ಟಿದ ಆ್ಯಂಟಿಬಾಡಿಗಳು ರಕ್ತದಲ್ಲಿದ್ದರೂ ಜೀವಕೋಶದ ಒಳಗಿರುವುದನ್ನು ಹಿಡಿಯಲಾರವು. ಅದು ಗರ್ಭಕೋಶದ ರಕ್ತನಾಳದ ಒಳಪದರಕ್ಕೆ ತಗುಲಿದರೆ ಅಲ್ಲಿ ಉರಿಯೂತ, ರಕ್ತ ಹೆಪ್ಪುಗಟ್ಟುವುದು, ಮಾಸು ಬಿಡುವುದು. ಸೋಂಕು ತಗುಲಿ ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಇದು ಆಗಬಹುದು. ಅಷ್ಟು ಹೊತ್ತಿಗೆ ಜ್ವರ ಬಂದು ಹೋಗಿರುತ್ತದೆ.

ಸೋಂಕಿತ ಜೀವಕೋಶ ಒಳಗಿರುವ ವೈರಸ್ಸಿನ ಚೂರುಗಳನ್ನು ಬಾಗಿಲಿಗೆ ತಂದು ತೋರಿಸುವ ಹಾಗೆ ತನ್ನ ಮೇಲ್ಮೈಗೆ ತರುತ್ತದೆ. ಸೋಂಕಿತ ಜೀವಕೋಶಗಳನ್ನು ಕೊಲ್ಲುವ ಟಿ-ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಗುರುತು ಹಿಡಿಯುವುದು ಅದರಿಂದಲೇ. ಇಎಚ್‌ವಿ-1ರ ಯುಎಲ್49.5 ಎಂಬ ಪ್ರೋಟೀನು ಆ ಸಾಗಣೆಯನ್ನೇ ತಡೆಯುತ್ತದೆ. ಇನ್ನೊಂದು ಪ್ರೋಟೀನು, ಜಿಜಿ, ರಕ್ಷಣಾ ಕಣಗಳನ್ನು ಕರೆಯುವ ಕೀಮೋಕೈನ್‌ಗಳಿಗೆ ಅಂಟಿಕೊಂಡು ಆ ಕರೆಯನ್ನೇ ಅಡಗಿಸುತ್ತದೆ. ರೋಗ ವಾಸಿಯಾದ ಮೇಲೂ ವೈರಸ್ ಮುಖದ ನರಗಂಟಿನಲ್ಲಿ, ದುಗ್ಧಗ್ರಂಥಿಗಳಲ್ಲಿ ಸುಮ್ನೆ ಮಲಗಿರುತ್ತದೆ. ದೂರದ ಪ್ರಯಾಣ, ಮರಿಯ ಹಾಲು ಬಿಡಿಸುವುದು, ಹೊಸ ಗುಂಪು, ಇಂಥ ಒತ್ತಡ ಬಂದರೆ ಏಳುತ್ತದೆ. ಅಂದರೆ ಹೊರಗಿನಿಂದ ಕುದುರೆ ಬಾರದಿದ್ದರೂ ರೋಗ ಬರಬಹುದು.

ಹಾಗಂತ ಲಸಿಕೆ ಬಿಡಬಾರದು. ಅದರಿಂದ ವೈರಸ್ ಹರಡುವುದು ಕಡಿಮೆಯಾಗುತ್ತದೆ. ಆದರೆ ಅದೊಂದೇ ಸಾಲದು, ಅಲ್ವಾ? ನಾವು ಗಬ್ಬದ ಕುದುರೆಗಳನ್ನು ಚಿಕ್ಕ ಗುಂಪುಗಳಾಗಿ ಒಡೆದೆವು. ಹಾಲು ಬಿಟ್ಟ ಮರಿಗಳನ್ನು ದೂರದ ಲಾಯಕ್ಕೆ ಕಳಿಸಿದೆವು, ಏಕೆಂದರೆ ವೈರಸ್ ಜಾಸ್ತಿ ಸುತ್ತಾಡುವುದು ಅವುಗಳಲ್ಲೇ. ಒಂದು ಗುಂಪಿನ ಸಯೀಸ್ (ಕುದುರೆ ನೋಡಿಕೊಳ್ಳುವವನು) ಇನ್ನೊಂದು ಗುಂಪನ್ನು ಮುಟ್ಟುವಂತಿರಲಿಲ್ಲ. ಬಕೆಟ್, ಬ್ರಷ್ಷು ಬೇರೆ ಬೇರೆ. ದಿನಕ್ಕೆ ಎರಡು ಸಲ ಥರ್ಮಾಮೀಟರ್. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಕ್ಷಣ ಪ್ರತ್ಯೇಕ. ಹಿಂಗಾಲು ಎಳೆಯುವುದು, ಮೂತ್ರ ತೊಟ್ಟಿಕ್ಕುವುದು ವೈರಸ್ ಬೆನ್ನುಹುರಿಗೆ ತಗುಲಿದ ಲಕ್ಷಣ; ಅವು ಕಂಡರಂತೂ ರಾತ್ರಿಯಾದರೂ ಫೋನ್ ಮಾಡಿ ಎಂದಿದ್ದೆ. 2021ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಜಂಪಿಂಗ್ ಸ್ಪರ್ಧೆಗೆ ಬಂದ ಕುದುರೆಗಳು ಸತ್ತಿದ್ದು ಇದೇ ವೈರಸ್ ಬೆನ್ನುಹುರಿಯ ರಕ್ತನಾಳಗಳಿಗೆ ತಗುಲಿದ್ದರಿಂದ.

28 ದಿನ ಯಾವ ಕುದುರೆಯೂ ಫಾರ್ಮಿನಿಂದ ಹೊರಗೆ ಹೋಗಲಿಲ್ಲ. ಮಾಲೀಕರಿಗೆ ಅದು ಕಷ್ಟವೇ ಆಗಿತ್ತು. ಇನ್ನೊಂದು ಮಾತು: ಕಂದು ಹಾಕಿದ ಕುದುರೆಯನ್ನು ಬರಡೆಂದು ಮಾರಬೇಡಿ. ಸಾಮಾನ್ಯವಾಗಿ ಗರ್ಭಕೋಶ ಬೇಗ ಸರಿಹೋಗುತ್ತದೆ, ಮತ್ತೆ ಗಬ್ಬ ಕಟ್ಟುತ್ತದೆ.