ಡಯಾಲಿಸಿಸ್‌ನಲ್ಲಿ ಇದ್ದೀರಾ? ತೂಕದ ಜೊತೆ ಕಾಲಿನ ಬಲವನ್ನೂ ಬರೆದಿಡಿ

ಡಯಾಲಿಸಿಸ್ ಘಟಕಕ್ಕೆ ಹೋದ ಕೂಡಲೇ ಮೊದಲು ಹತ್ತುವುದು ತೂಕದ ಮಷಿನ್. ‘ಈ ಸಲ ಎಷ್ಟು ಬಂತು?’ ‘ಮೂರು ಕೆಜಿ ಜಾಸ್ತಿ.’ ಕೋಲಾರವೇ ಆಗಲಿ, ಮುಳಬಾಗಿಲೇ ಆಗಲಿ, ಮಾತು ಶುರುವಾಗುವುದು ಹೀಗೆ. ಎರಡು ಮೂರು ದಿನದಲ್ಲಿ ಏರಿದ ಆ ತೂಕ ಮಾಂಸವಲ್ಲ, ಕಿಡ್ನಿ ಹೊರಹಾಕದೆ ಉಳಿದ ನೀರು. ಒಂದು ಲೀಟರ್ ನೀರು ಸೇರಿದರೆ ತೂಕ ಒಂದು ಕೆಜಿ ಏರುತ್ತದೆ.

ಆದರೆ ಈ ಒಂದೇ ಅಂಕಿಯನ್ನು ನಂಬಿ ಕೂರಬಾರದು. ಡಯಾಲಿಸಿಸ್‌ನಲ್ಲಿ ಇರುವ ಎಷ್ಟೋ ಜನರ ಮಾಂಸಖಂಡ ನಿಧಾನವಾಗಿ ಕರಗುತ್ತಿರುತ್ತದೆ. ಅದೇ ಹೊತ್ತಿಗೆ ಮೈಯಲ್ಲಿ ನೀರು ಉಳಿಯುತ್ತಿರುತ್ತದೆ. ಒಂದು ಇಳಿದು ಇನ್ನೊಂದು ಏರಿದಾಗ ಮಷಿನ್ ಹಳೆಯ ತೂಕವನ್ನೇ ತೋರಿಸುತ್ತದೆ. ‘ತೂಕ ಇಳಿದಿಲ್ಲ, ಚೆನ್ನಾಗಿದ್ದಾರೆ’ ಅಂತ ಮನೆಯವರು ಸಮಾಧಾನ ಪಡುತ್ತಾರೆ. ರೋಗಿಗೋ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿರುತ್ತದೆ. ಅದಕ್ಕೇ ನೀರಿನ ಲೆಕ್ಕ, ಕಾಲಿನ ಬಲದ ಲೆಕ್ಕ ಎರಡೂ ಒಂದೇ ನೋಟ್‌ಬುಕ್ಕಿನಲ್ಲಿ ಇರಬೇಕು. ಶುರು ಮಾಡುವುದು ಹೀಗೆ.

1. ಡ್ರೈ ವೇಟ್ ಕೇಳಿ ಬರೆದುಕೊಳ್ಳಿ

ಮೈಯಲ್ಲಿ ಹೆಚ್ಚಿನ ನೀರಿಲ್ಲದೆ, ಕಾಲು ಊದದೆ, ಬಿ.ಪಿ. ಹದವಾಗಿರುವ ತೂಕವೇ ಡ್ರೈ ವೇಟ್. ಅದನ್ನು ಡಾಕ್ಟರ್ ಗೊತ್ತು ಮಾಡಿರುತ್ತಾರೆ. ಎರಡು ಡಯಾಲಿಸಿಸ್ ನಡುವೆ ಏರುವ ತೂಕ ಇದರ ಶೇ 4ರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು. 50 ಕೆಜಿಯವರಿಗೆ ಅದು 2 ಕೆಜಿ.

ಯಾಕೆ ಇಷ್ಟು ಬಿಗಿ? ನೀರು ತೆಗೆಯುವ ವೇಗಕ್ಕೂ ಮಿತಿ ಇದೆ. ಗಂಟೆಗೆ, ಪ್ರತಿ ಕೆಜಿ ತೂಕಕ್ಕೆ 13 ಮಿಲಿ ಲೀಟರ್ ದಾಟಬಾರದು ಅನ್ನುವುದು ವೈದ್ಯರು ಸಾಮಾನ್ಯವಾಗಿ ನೋಡುವ ಗೆರೆ. 50 ಕೆಜಿಯವರಿಗೆ ನಾಲ್ಕು ಗಂಟೆಯಲ್ಲಿ 2.6 ಲೀಟರ್ ಆಯಿತು. ನಾಲ್ಕು ಕೆಜಿ ಹೊತ್ತುಕೊಂಡು ಹೋಗಿ ‘ಪೂರ್ತಿ ತೆಗೆದುಬಿಡಿ’ ಅಂದರೆ ಬಿ.ಪಿ. ಬೀಳುತ್ತದೆ, ಮೀನಖಂಡ ಸೆಳೆಯುತ್ತದೆ, ಮನೆಗೆ ಬಂದು ಮಾರನೇ ದಿನವೂ ಮಲಗಬೇಕಾಗುತ್ತದೆ. ಹೃದಯಕ್ಕೂ ಏಟು. ಸುಸ್ತಿಗೆ ಟೆಕ್ನಿಷಿಯನ್‌ನನ್ನು ಬೈಯುವ ಮೊದಲು ಈ ಲೆಕ್ಕ ಹಾಕಿ ನೋಡಿ.

ಮನೆಯಲ್ಲೂ ದಿನಾ ಬೆಳಿಗ್ಗೆ ತೂಕ ನೋಡಿ. ಅದೇ ಮಷಿನ್, ಹೆಚ್ಚು ಕಡಿಮೆ ಅದೇ ಬಟ್ಟೆ, ತಿಂಡಿಗೆ ಮೊದಲು.

2. ದಿನದ ನೀರನ್ನು ಬಾಟಲಿಯಲ್ಲಿ ಅಳೆಯಿರಿ

ದಿನಕ್ಕೆ ಎಷ್ಟು ಕುಡಿಯಬಹುದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಸಾಮಾನ್ಯವಾಗಿ, 24 ಗಂಟೆಯಲ್ಲಿ ಹೋಗುವ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಆ ಅಳತೆಯ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡಿ. ಕಾಫಿ ಕುಡಿದಿರಾ? ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯಿರಿ. ಮಜ್ಜಿಗೆ, ಅಂಬಲಿ, ಸಾರು, ಐಸ್ ಎಲ್ಲಕ್ಕೂ ಇದೇ ಲೆಕ್ಕ. ಬಾಟಲಿ ಖಾಲಿಯಾದರೆ ಆ ದಿನದ್ದು ಮುಗಿಯಿತು. ಮಾತ್ರೆಗಳನ್ನೂ ಈ ನೀರಿನಲ್ಲೇ ನುಂಗಬೇಕು.

ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಿದರೂ ಬಾಯಾರಿಕೆ ಆಗುತ್ತದೆ, ಅದನ್ನೂ ನೋಡಿ. ಏಪ್ರಿಲ್ ಬಿಸಿಲಿಗೆ ಎಳನೀರು ಅಂತೂ ಬೇಡ, ರಾಮನವಮಿಯ ಪಾನಕವೂ ಒಂದೆರಡು ಗುಟುಕಿಗೆ ಸಾಕು. ಎಳನೀರಿನಲ್ಲಿ ನೀರಿನ ಜೊತೆ ಪೊಟ್ಯಾಸಿಯಂ ಜಾಸ್ತಿ. ಅದು ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

3. ಉಪ್ಪು ಮತ್ತು ಬಸ್ಸಾರು

‘ನೀರು ಕುಡಿಯಬೇಡಿ’ ಅಂತ ಗದರುವವರು ಬಹಳ, ‘ಉಪ್ಪು ಇಳಿಸಿ’ ಅನ್ನುವವರು ಕಡಿಮೆ. ನನ್ನನ್ನು ಕೇಳಿದರೆ ಇದು ತಿರುಗಾಮುರುಗಾ ಆಗಿದೆ. ಎಂಟು ಒಂಬತ್ತು ಗ್ರಾಂ ಉಪ್ಪು ಮೈಯಲ್ಲಿ ಉಳಿದರೆ, ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕುಡಿಯುವವರೆಗೂ ಬಾಯಾರಿಕೆ ಬಿಡುವುದಿಲ್ಲ. ಉಪ್ಪು ತಿನ್ನಿಸಿ ನೀರು ಕೊಡದಿರುವುದು ಶಿಕ್ಷೆ, ಅಷ್ಟೇ. ದಿನದ ಎಲ್ಲ ಅಡುಗೆಯೂ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದ ಒಳಗೇ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರದ ತಿಂಡಿ ಮೊದಲು ಹೋಗಲಿ. ಅಂಗಡಿಯ ‘ಲೋ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಹಾಕುವುದು ಪೊಟ್ಯಾಸಿಯಂ.

ಈಗ ನಮ್ಮ ಕೋಲಾರ ಸೀಮೆಯ ದೊಡ್ಡ ಪ್ರಶ್ನೆ, ಬಸ್ಸಾರು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲೇ ಸಾರು ಮಾಡುತ್ತೇವೆ. ರುಚಿಯೆಲ್ಲ ಕಟ್ಟಿನಲ್ಲಿದೆ ಅಂತೀವಿ. ಸೊಪ್ಪಿನ ಪೊಟ್ಯಾಸಿಯಂ ಕೂಡ ಸಾಕಷ್ಟು ಇಳಿಯುವುದು ಅಲ್ಲಿಗೇ! ಕಿಡ್ನಿ ಸರಿ ಇಲ್ಲದವರಿಗೆ ತರಕಾರಿ ಬೇಯಿಸಿದ ನೀರು ಚೆಲ್ಲಿ ಅಂತ ಆಸ್ಪತ್ರೆಯಲ್ಲಿ ಹೇಳುವುದು ಇದಕ್ಕೇ. ಹಾಗಂತ ಮನೆಗೆ ಎರಡು ಅಡುಗೆ ಬೇಕಿಲ್ಲ. ಬಸಿದ ಸೊಪ್ಪಿನ ಪಲ್ಯ ಸ್ವಲ್ಪ ಅವರಿಗೆ, ಕಟ್ಟಿನ ಸಾರು ಉಳಿದವರಿಗೆ. ಮುದ್ದೆ ನುಂಗಲು ಸಾರು ಬೇಕೇ ಬೇಕು ಅಲ್ವಾ? ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ, ಉಪ್ಪು ಇಳಿಸಿ, ಅಳೆದ ನೀರಲ್ಲಿ ಒಂದು ಸಣ್ಣ ಬಟ್ಟಲು ಸಾರು ಬೇರೆ ಕುದಿಸಿ. ಅದನ್ನೂ ಬಾಟಲಿಯ ಲೆಕ್ಕಕ್ಕೆ ಸೇರಿಸಿ. ಟೊಮೆಟೊ ಊರು ಇದು, ಮಾವಿನ ಸೀಮೆಯೂ ಹೌದು. ಎರಡರಲ್ಲೂ ಪೊಟ್ಯಾಸಿಯಂ ಇದೆ. ಎಷ್ಟು ತಿನ್ನಬಹುದು ಅನ್ನುವುದು ನಿಮ್ಮ ರಕ್ತದ ವರದಿ ನೋಡಿ ತೀರ್ಮಾನವಾಗಲಿ.

4. ಕುರ್ಚಿ ಪರೀಕ್ಷೆ

ತಿಂಗಳಿಗೊಮ್ಮೆ, ಡಯಾಲಿಸಿಸ್ ಇಲ್ಲದ ದಿನ ಇದನ್ನು ಮಾಡಿ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಕೈ ಊರದೆ ಐದು ಸಲ ಪೂರ್ತಿ ಎದ್ದು ಕೂರಿ. ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸಮಯ ನೋಡಲಿ. ಮಾಂಸಖಂಡದ ಸವೆತ ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಅಳತೆಯಂತೆ, 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬಲ ಕುಗ್ಗಿದೆ ಅಂತ ಅರ್ಥ. ನಡಿಗೆಗೂ ಒಂದು ಅಳತೆ ಇದೆ. ಮಾಮೂಲಿ ವೇಗದಲ್ಲಿ ಆರು ಮೀಟರ್ ನಡೆಯಲು ಆರು ಸೆಕೆಂಡು ದಾಟಬಾರದು.

12 ದಾಟಿತು ಅಂತ ಗಾಬರಿ ಬೇಡ. ನಿಮ್ಮದೇ ಹಿಂದಿನ ತಿಂಗಳ ಸಮಯಕ್ಕೆ ಹೋಲಿಸಿ ನೋಡುವುದು ಮುಖ್ಯ. ಎದೆ ನೋವು, ಏದುಸಿರು, ತಲೆ ಸುತ್ತು ಇದ್ದ ದಿನ ಈ ಪರೀಕ್ಷೆ ಬೇಡವೇ ಬೇಡ.

ಅದೇ ದಿನ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಡಿ. ಗುಳಿ ಬಿದ್ದು ಹಾಗೇ ಉಳಿದರೆ ಅಲ್ಲಿ ನೀರಿದೆ.

5. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ

ತೂಕ ಅಷ್ಟೇ ಇದೆ, ಆದರೆ ಕಾಲು ಊದಿದೆ, ಕುರ್ಚಿಯಿಂದ ಏಳಲು ಸಮಯ ಜಾಸ್ತಿ ಹಿಡಿಯುತ್ತಿದೆ. ಹಾಗಿದ್ದರೆ ಮಾಂಸ ಕರಗಿ ನೀರು ಸೇರಿರಬಹುದು. ಹಳೆಯ ಡ್ರೈ ವೇಟ್ ಇಳಿಸಬೇಕಾಗಿರಬಹುದು. ಜ್ವರ ಬಂದು ಮಲಗಿದ ಮೇಲೆ, ಆಸ್ಪತ್ರೆಗೆ ಸೇರಿ ಬಂದ ಮೇಲೆ ಇದು ಹೆಚ್ಚಾಗಿ ಆಗುತ್ತದೆ. ಇದಕ್ಕೆ ಉಲ್ಟಾ ಕೂಡ ಉಂಟು. ಊಟ ಚೆನ್ನಾಗಿ ಸೇರುತ್ತಿದೆ, ಊತವಿಲ್ಲ, ಆದರೂ ಪ್ರತಿ ಸಲ ಕೊನೆಯ ಗಂಟೆಯಲ್ಲಿ ಬಿ.ಪಿ. ಬೀಳುತ್ತಿದೆ, ಕಾಲು ಸೆಳೆಯುತ್ತಿದೆ. ಮೈ ತುಂಬಿಕೊಂಡಿರಬಹುದು, ಡ್ರೈ ವೇಟ್ ಏರಿಸಬೇಕೇನೋ. ನೀವೇ ತೀರ್ಮಾನಿಸಬೇಡಿ. ನೋಟ್‌ಬುಕ್ ತೋರಿಸಿ, ‘ಡ್ರೈ ವೇಟ್ ಇನ್ನೊಮ್ಮೆ ನೋಡ್ತೀರಾ ಸಾರ್?’ ಅಂತ ಕೇಳಿ. ಕೈ ಕಾಲಿಗೆ ಪಟ್ಟಿ ಅಂಟಿಸಿ, ಸಣ್ಣ ವಿದ್ಯುತ್ ಹರಿಸಿ, ಮೈಯ ನೀರು ಮತ್ತು ಮಾಂಸವನ್ನು ಬೇರೆ ಬೇರೆ ಅಂದಾಜು ಮಾಡುವ ಬಯೋಇಂಪಿಡೆನ್ಸ್ ಮಷಿನ್ ಕೂಡ ಇದೆ. ಕೆಲವೇ ನಿಮಿಷದ ಕೆಲಸ. ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ವಿಚಾರಿಸಿ.

6. ಕಾಲಿಗೆ ಕೆಲಸ, ಹೊಟ್ಟೆಗೆ ಪ್ರೋಟೀನ್

ಡಯಾಲಿಸಿಸ್‌ಗೆ ಮೊದಲು ‘ಬೇಳೆ, ಮೊಟ್ಟೆ ಕಡಿಮೆ ಮಾಡಿ’ ಅಂದಿರುತ್ತಾರೆ. ಶುರುವಾದ ಮೇಲೂ ಅದನ್ನೇ ಪಾಲಿಸುವ ಮನೆಗಳು ಬೇಕಾದಷ್ಟಿವೆ. ಆದರೆ ಈಗ ಬೇಕಿರುವುದು ಹೆಚ್ಚು. ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್. 50 ಕೆಜಿಯವರಿಗೆ 50ರಿಂದ 60 ಗ್ರಾಂ. ಮೊಟ್ಟೆಯ ಬಿಳಿ ಒಳ್ಳೆಯ ದಾರಿ, ಒಂದರಲ್ಲಿ ಸುಮಾರು ಮೂರೂವರೆ ಗ್ರಾಂ ಸಿಗುತ್ತದೆ, ರಂಜಕ (ಫಾಸ್ಫರಸ್) ಬಹಳ ಕಡಿಮೆ. ಮೊಟ್ಟೆ ತಿನ್ನದವರು ಡಯಟಿಷಿಯನ್ ಹತ್ತಿರ ಪಟ್ಟಿ ಬರೆಸಿಕೊಳ್ಳಿ.

ಡಾಕ್ಟರ್ ಒಪ್ಪಿದರೆ, ಬಿಡುವಿನ ದಿನ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ. ಡಯಾಲಿಸಿಸ್‌ಗೆ ಮಲಗಿದ್ದಾಗಲೂ ಮೊದಲ ಎರಡು ಗಂಟೆಯೊಳಗೆ ಪಾದ ಮಡಚಿ ಬಿಚ್ಚುವುದು, ಒಂದೊಂದೇ ಕಾಲು ಎತ್ತುವುದು ಮಾಡಬಹುದು. ಆಮೇಲೆ ಬೇಡ, ಬಿ.ಪಿ. ಇಳಿಯುವ ಹೊತ್ತು ಅದು. ಸೂಜಿ ಇರುವ ಫಿಸ್ಟುಲಾ ಕೈ, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿರುವ ಕೈ, ಅಲುಗಬಾರದು.

ರಾತ್ರಿ ಚಪ್ಪಟೆ ಮಲಗಿದರೆ ದಮ್ಮು ಕಟ್ಟುವುದು, ಎದ್ದು ಕೂತರೇ ಉಸಿರು ಬರುವುದು, ಎದೆ ನೋವು, ಇದ್ದಕ್ಕಿದ್ದಂತೆ ಕೈಕಾಲು ಸೋಲುವುದು, ಇವು ಮುಂದಿನ ಸರದಿಗೆ ಕಾಯುವ ಲಕ್ಷಣಗಳಲ್ಲ. ಅವತ್ತೇ, ಆ ಹೊತ್ತಿಗೇ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋದ ಕೂಡಲೇ ‘ಡಯಾಲಿಸಿಸ್ ಪೇಷೆಂಟ್, ಈ ಕೈಯಲ್ಲಿ ಫಿಸ್ಟುಲಾ ಇದೆ, ಡ್ರೈ ವೇಟ್ ಇಷ್ಟು’ ಅಂತ ಹೇಳಿ. ಡ್ರಿಪ್ ಹಾಕಲು, ಬಿ.ಪಿ. ನೋಡಲು ಆ ಕೈ ಮುಟ್ಟದಂತೆ ನೋಡಿಕೊಳ್ಳಿ.