ಮಳೆಗಾಲದಲ್ಲಿ ಪ್ರೊಡ್ರಗ್ ಮಾಡಲು ಹೋಗಿ

ಬದಿಯಡ್ಕದ ಮನೆಯಿಂದಲೇ ಬಸ್ಸಿನಲ್ಲಿ ಲ್ಯಾಬಿಗೆ ಹೋಗಿ ಬರುತ್ತಿದ್ದೆ. "ಮದ್ದು ಮಾಡುವುದಂತೆ, ಅಡಿಕೆಗೆ ಬಿಡುವುದಾ?" ಎಂದು ಅಪ್ಪ ಕೇಳಿದ್ದರು. ಅಲ್ಲ, ವೈರಸ್ಸಿಗೆ ಎಂದೆ. ಪ್ರೊಡ್ರಗ್ ಎಂದರೆ ಮೈಯೊಳಗೆ ಹೋದ ಮೇಲಷ್ಟೇ ನಿಜವಾದ ಮದ್ದಾಗುವ ವಸ್ತು.

ವೈರಸ್ ತನ್ನ ಆರ್‌ಎನ್‌ಎ ಕಟ್ಟುವಾಗ ನಕಲಿ ನ್ಯೂಕ್ಲಿಯೋಟೈಡ್ (ಆ ಸರಪಳಿಯ ಒಂದು ಕೊಂಡಿ) ಸೇರಿಕೊಂಡರೆ ಕೆಲಸ ಕೆಡುತ್ತದೆ, ಅಷ್ಟೇ ಉಪಾಯ. ಆದರೆ ಆ ಕೊಂಡಿಯಲ್ಲಿರುವ ಫಾಸ್ಫೇಟಿಗೆ ಋಣ ಚಾರ್ಜ್ ಇದೆ, ಜೀವಕೋಶದ ಜಿಡ್ಡಿನ ಪೊರೆ ದಾಟುವುದಿಲ್ಲ. ಫಾಸ್ಫೇಟ್ ಇಲ್ಲದೆ ಕಳಿಸಿದರೆ ಒಳಗೆ ಹೋಗುತ್ತದೆ, ಆದರೆ ಮೊದಲ ಫಾಸ್ಫೇಟ್ ಅಂಟಿಸಲು ಕೋಶದ ಕಿಣ್ವಗಳು ಎಷ್ಟೋ ಸಲ ಸತಾಯಿಸುತ್ತವೆ. ಕಾರ್ಡಿಫ್‌ನ ಕ್ರಿಸ್ ಮೆಕ್‌ಗಿಗನ್ ಫಾಸ್ಫೇಟಿಗೆ ಒಂದು ಫೀನಾಲ್, ಒಂದು ಅಮೈನೊ ಆಮ್ಲದ ಎಸ್ಟರ್ ಹೊದಿಸಿ ಕಳಿಸುವ ದಾರಿ ಹಿಡಿದರು. ಒಳಗೆ ಹೋದ ಮೇಲೆ ತೆಂಗಿನಕಾಯಿ ಸುಲಿದ ಹಾಗೆ ಎಸ್ಟರ್, ಫೀನಾಲ್, ಕೊನೆಗೆ ಅಮೈನೊ ಆಮ್ಲ ಒಂದೊಂದಾಗಿ ಕಳಚುತ್ತವೆ. 2013ರಲ್ಲಿ ಹೆಪಟೈಟಿಸ್ ಸಿಗೆ ಬಂದ ಸೊಫೋಸ್‌ಬುವಿರ್, ಕೊರೊನಾ ಕಾಲದ ರೆಮ್‌ಡೆಸಿವಿರ್ ಎರಡೂ ಇದೇ ಜಾತಿ.

ಕೈ ಪಳಗಲಿ ಎಂದು ನಾನು ಆರ್‌ಎನ್‌ಎಯಲ್ಲೇ ಇರುವ ತುಣುಕು, ಫಾಸ್ಫೇಟ್ ಇಲ್ಲದ ಸಾದಾ ಯೂರಿಡಿನ್ ಹಿಡಿದೆ. ಅದು ವೈರಸ್ಸಿಗೇನೂ ಮಾಡುವುದಿಲ್ಲ, ಸುಮ್ನೆ ಅಭ್ಯಾಸಕ್ಕೆ. ಫಿನೈಲ್ ಡೈಕ್ಲೋರೊಫಾಸ್ಫೇಟ್, ಅಲನಿನ್ ಎಂಬ ಅಮೈನೊ ಆಮ್ಲದ ಎಸ್ಟರಿನ ಉಪ್ಪು, ಮೈನಸ್ 78 ಡಿಗ್ರಿ, ಟ್ರೈಈಥೈಲಮೈನ್ ಹನಿ ಹನಿಯಾಗಿ. ಇವು ಸೇರಿ ಮೊದಲು ಹೊದಿಕೆಯ ಕ್ಲೋರೈಡ್ ಆಗಬೇಕು, ಆಮೇಲೆ ಅದನ್ನು ಯೂರಿಡಿನ್‌ಗೆ ಜೋಡಿಸುವುದು. ತಿಂಗಳು ಜುಲೈ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಮಳೆ, ಮತ್ತೆ ನನ್ನ ಕ್ಲೋರೈಡಿಗೆ ನೀರೆಂದರೆ ಆಗದು. ಮೂರು ಸಲ ಮಾಡಿದೆ, ಮೂರು ಸಲವೂ ಸಿಕ್ಕಿದ್ದು ಕೆಲಸಕ್ಕೆ ಬಾರದ ಅಂಟು.

ದ್ರಾವಕವನ್ನು ಬೈದೆ, ನೈಟ್ರೋಜನ್ ಸಿಲಿಂಡರನ್ನು ಬೈದೆ. ಕೊನೆಗೆ ಗೊತ್ತಾಯಿತು, ಕಳ್ಳ ಇದ್ದದ್ದು ಆ ಅಲನಿನ್ ಉಪ್ಪಿನ ಡಬ್ಬಿಯಲ್ಲಿ. ಮುಚ್ಚಳ ತೆಗೆದು ತೂಗುವ ಎರಡು ನಿಮಿಷದಲ್ಲೇ ಅದು ಗಾಳಿಯ ನೀರು ಹೀರಿ ಒದ್ದೆಯಾಗುತ್ತಿತ್ತು. ಆಮೇಲೆ ಉಪ್ಪನ್ನು ಫ್ಲಾಸ್ಕಿಗೇ ಹಾಕಿ ರಾತ್ರಿಯಿಡೀ ವ್ಯಾಕ್ಯೂಮ್ ಪಂಪಿಗೆ ಹಚ್ಚಿ ಒಣಗಿಸಿದೆ, ಬೆಳಿಗ್ಗೆ ಫ್ಲಾಸ್ಕ್ ಸಮೇತ ತೂಗಿದೆ, ಅದರಲ್ಲೇ ರಿಯಾಕ್ಷನ್ ಮಾಡಿದೆ. ನಾಲ್ಕನೇ ಸಲ ಬಂತು.

ಕ್ಲೋರೈಡನ್ನು ಯೂರಿಡಿನ್‌ಗೆ ಜೋಡಿಸಿ, ಫಾಸ್ಫೇಟಿನ ನಡುವಿನ ರಂಜಕದ ಎನ್‌ಎಂಆರ್ (ಅಣುವಿನ ರಂಜಕವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ತೆಗೆದರೆ ಒತ್ತೊತ್ತಾಗಿ ಎರಡು ಗೆರೆ. ಕಸ ಎಂದುಕೊಂಡು ಶುದ್ಧ ಮಾಡಲು ಎರಡು ಸಲ ಕಾಲಮ್ ಹಾಕಿದೆ, ಎರಡು ದಿನ ಹಾಳು! ಅದು ಕಸ ಅಲ್ಲ. ರಂಜಕದ ಸುತ್ತ ನಾಲ್ಕು ಬೇರೆ ಬೇರೆ ಗುಂಪುಗಳಿದ್ದರೆ ಎಡ-ಬಲ ಎರಡು ರೂಪ ಹುಟ್ಟುತ್ತವೆ. ಸೊಫೋಸ್‌ಬುವಿರ್‌ನಲ್ಲಿ ಒಂದು ರೂಪ ಇನ್ನೊಂದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಚುರುಕು, ಹಾಗಾಗಿ ಮಾತ್ರೆಯಲ್ಲಿ ಅದೊಂದೇ ಇರುತ್ತದೆ. ನನ್ನದು ಇನ್ನೂ ಮಿಶ್ರಣವಾಗಿಯೇ ಫ್ರಿಜ್ಜಿನಲ್ಲಿದೆ.

ಇದನ್ನೆಲ್ಲ ಹೇಳಿದಾಗ ಅಪ್ಪ ನಕ್ಕರು. "ಅಡಿಕೆಗೆ ಬೋರ್ಡೋ ಮದ್ದು ಬಿಡುವವನೂ ಮಳೆ ಬಿಟ್ಟ ದಿನ ನೋಡಿಯೇ ಮರ ಹತ್ತುವುದು ಮಾರಾಯ." ಈಗ ಕ್ಲೋರೈಡಿನ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಂಡಿದ್ದೇನೆ.