ಬೆರಳಚ್ಚು ತಿರಸ್ಕೃತವಾದಾಗ: ನರ್ಸಿಂಗ್ ಪರವಾನಗಿಯ ನನ್ನ ಅನುಭವ

ಅಮೆರಿಕದ ರಾಜ್ಯವೊಂದರ ನರ್ಸಿಂಗ್ ಮಂಡಳಿಗೆ ದಾವಣಗೆರೆಯಿಂದಲೇ ಅರ್ಜಿ ಹಾಕಿದ್ದೆ. ವಿದ್ಯಾರ್ಹತೆಯ ದಾಖಲೆಗಳೆಲ್ಲ ತಲುಪಿದ್ದವು. ಹಿನ್ನೆಲೆ ಪರಿಶೀಲನೆಗೆ ಬಂದಾಗ ಅರ್ಜಿ ನಿಂತುಹೋಯಿತು: ಬೆರಳಚ್ಚು ತಿರಸ್ಕೃತ. ನನ್ನ ಮೇಲೆ ಯಾವುದೋ ಪೊಲೀಸ್ ಕೇಸು ಇದೆಯೆಂದು ಅಮ್ಮ ಹೆದರಿಬಿಟ್ಟರು. ಹಾಗೇನೂ ಅಲ್ಲ. ಆ ಪರಿಶೀಲನೆ ನಡೆಸುವ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಾಣಲಿಲ್ಲ ಎಂದಷ್ಟೇ ಅದರ ಅರ್ಥ.

ಕಾರಣ ನಮ್ಮ ವೃತ್ತಿಯೇ. ಪಾಳಿಯುದ್ದಕ್ಕೂ ಸೋಪು, ಸ್ಯಾನಿಟೈಸರ್. ಬೆರಳ ತುದಿ ಒಣಗಿ ಗೆರೆ ಸವೆಯುತ್ತದೆ. ರೋಗಿಗಳಿಗಾಗಿ ಸವೆದ ಕೈ ಇದು, ನಾಚಿಕೊಳ್ಳುವ ಅಗತ್ಯವೇ ಇಲ್ಲ.

ಎರಡನೆಯ ಸಲ ಸಿದ್ಧಳಾಗಿ ಹೋದೆ. ರಜೆ ಹಾಕಿ, ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಿದ್ದೆ. ಅಚ್ಚು ಕೊಡುವ ದಿನ ಮಾತ್ರ ಏನನ್ನೂ ಹಚ್ಚದೆ ಕೈ ತೊಳೆದು ಒರೆಸಿಕೊಂಡೆ. ಎಣ್ಣೆಯಿದ್ದರೆ ಮಸಿ ಹಿಡಿಯುವುದಿಲ್ಲ. "ಕೈ ಸಡಿಲ ಬಿಡಿ ಸಿಸ್ಟರ್, ನಾನೇ ಹೊರಳಿಸುತ್ತೇನೆ" ಎಂದರು ಬೆರಳಚ್ಚು ವಿಭಾಗದ ಸಿಬ್ಬಂದಿ. ಅವರ ತಾಳ್ಮೆಗೆ ನಾನು ಋಣಿ. ಮಸಿ ತೆಳುವಾಗಿರಬೇಕು; ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳು ಒಂದೇ ಸಲ ಹೊರಳಬೇಕು. ಎಫ್‌ಡಿ-258 ಎಂಬ ಬೆರಳಚ್ಚು ಕಾರ್ಡ್ ಎರಡು ಮಾಡಿಸಿ, ಮಡಚದೆ ರಟ್ಟಿನ ನಡುವೆ ಇಟ್ಟು ಕಳುಹಿಸಿದೆ. ಈ ಬಾರಿ ಒಪ್ಪಿಗೆಯಾಯಿತು.

ಎರಡು ಸಲವೂ ತಿರಸ್ಕೃತವಾದರೆ ಕೈಚೆಲ್ಲಬೇಡಿ. ಬೆರಳಚ್ಚಿನ ಬದಲು ಹೆಸರಿನ ಆಧಾರದ ಪರಿಶೀಲನೆ ನಡೆಸುವಂತೆ ಮಂಡಳಿಯ ಮೂಲಕ ಕೋರಬಹುದು. ಎರಡನೆಯ ತಿರಸ್ಕಾರದಿಂದ 90 ದಿನಗಳೊಳಗೆ ಆ ಕೋರಿಕೆ ಹೋಗಬೇಕು. ತಿರಸ್ಕಾರ ಪತ್ರಗಳನ್ನು ಜೋಪಾನವಾಗಿಡಿ, ಅವುಗಳ ಮೇಲಿನ ಸಂಖ್ಯೆಯನ್ನು ಆಗ ಕೇಳುತ್ತಾರೆ.